ಗಾಳಿಬಾಯಿಯ ಎಂಟು ಸ್ಕ್ರೂಗಳು

ಸವಣೂರಿನಲ್ಲಿ ತಗಡಿನ ಕೆಲಸದ ಫಕ್ರುಸಾಬನನ್ನು ಹುಡುಕಿಕೊಂಡು ಬರುವವರು ಎರಡೇ ಕಾರಣಕ್ಕೆ ಬರುತ್ತಿದ್ದರು: ಕಾಳು ತುಂಬುವ ಡಬ್ಬಿ ಬೇಕಾದಾಗ, ಇಲ್ಲವೇ ಕಾಳು ಒಕ್ಕುವ ರಾಶಿ ಮಷೀನಿನ ಗಾಳಿಕೊಳವೆ ಹರಿದಾಗ. ಹನ್ನೊಂದು ವರ್ಷಗಳಿಂದ ಮೂರನೆಯ ಕಾರಣವೊಂದು ಹುಟ್ಟಿಕೊಂಡಿತ್ತು. ಮಾಡಲು ಕೆಲಸವಿಲ್ಲದವರು ಅಂಗಡಿಯ ಮುಂದೆ ನಿಂತು, "ಮಾಸ್ತರ ಗಾಡಿ ಎಲ್ಲಿಗೆ ಬಂತ್ರಿ ಸಾಬರ?" ಎಂದು ಕೇಳಿ, ಉತ್ತರ ಬರುವ ಮೊದಲೇ ನಕ್ಕು ಮುಂದೆ ಹೋಗುತ್ತಿದ್ದರು. ಫಕ್ರುಸಾಬ ಸುತ್ತಿಗೆ ನಿಲ್ಲಿಸುತ್ತಿರಲಿಲ್ಲ. ಸುತ್ತಿಗೆ ಕೆಳಗಿಟ್ಟು ಉತ್ತರ ಕೊಡುವಷ್ಟು ಯೋಗ್ಯತೆ ಅವರಲ್ಲಿ ಯಾರಿಗೂ ಇಲ್ಲವೆಂದು ಅವನ ಅಭಿಪ್ರಾಯ.

ಮಾಸ್ತರರೆಂದರೆ ಸುಶೀಂದ್ರ ಮಾಸ್ತರರು. ಅಜ್ಜ, ಮುತ್ತಜ್ಜ ಎಲ್ಲ ಶಾಸ್ತ್ರ ಓದಿದ ಮನೆತನ. ತಮ್ಮ ವೇದವ್ಯಾಸ ಧಾರವಾಡದಲ್ಲಿ ವಕೀಲ. ಇವರೊಬ್ಬರು ಮಾತ್ರ ಐಟಿಐಯಲ್ಲಿ ಹುಡುಗರಿಗೆ ಮೋಟಾರು ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿಸುತ್ತ, ಉಗುರಿನ ಸಂದಿಯ ಗ್ರೀಸಿನ ಜೊತೆಗೇ ನಿವೃತ್ತರಾದರು. ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರು, ಕಡೆಗೆ ಸವಣೂರು ಎಂದು ನಾಲ್ಕು ತಾಲೂಕಿಗೆ ವರ್ಗವಾಗಿ ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ತಿರುಗಿದವರು. ಕೊನೆಯ ವರ್ಷಗಳಲ್ಲಿ ಮನೆಯ ಹಿಂದಿನ ಖಾಲಿ ಕೊಟ್ಟಿಗೆಯಲ್ಲಿ ಕಾರು ಕಟ್ಟಲು ಶುರುಮಾಡಿದಾಗ ಫಕ್ರುಸಾಬ ಕಾರಣ ಕೇಳಿದ್ದ.

"ನಾಲ್ಕೂ ತಾಲೂಕು ನಿಂತ ತಿರಗೇನಿ ಫಕ್ರು," ಎಂದಿದ್ದರು ಮಾಸ್ತರರು. "ಒಮ್ಮೆ ಕೂತು ಹೋಗಬೇಕು. ನಾ ಕಟ್ಟಿದ ಗಾಡಿಯೊಳಗ, ನಾನ ನಡಿಸಿಕೊಂಡು."

ಇದಕ್ಕಿಂತ ದೊಡ್ಡ ಆಸೆಗಳನ್ನು ಇಟ್ಟುಕೊಂಡವರು ಊರಲ್ಲಿ ಬಹಳ ಜನ ಇದ್ದರು. ಅವರ ಆಸೆಗಳಿಗೆ ಯಾರೂ ನಗುತ್ತಿರಲಿಲ್ಲ.

ಗಾಡಿ ನಿಂತವರ ಸೊಂಟಕ್ಕೂ ಬರದಷ್ಟು ಗಿಡ್ಡ. ಎರಡೇ ಸೀಟು. ಎಂಜಿನ್ನು ಎಲ್ಲ ಕಾರುಗಳಂತೆ ಮುಂದಿರದೆ ಸೀಟಿನ ಬೆನ್ನಿಗೇ ಕೂತಿತ್ತು; ಭಾರ ನಡುವೆ ಇದ್ದರೆ ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುತ್ತದೆ ಎನ್ನುತ್ತಿದ್ದರು ಮಾಸ್ತರರು. ಆ ಎಂಜಿನ್ನು ಗುಜರಿಗೆ ಬಂದಿದ್ದ ಹಳೆಯ ವ್ಯಾನಿನದು. ನಂಬರ್ ಪ್ಲೇಟೂ ಅದರದೇ, ಆ ವಿಷಯವನ್ನು ಇಬ್ಬರೂ ಹೆಚ್ಚು ಕೆದಕುತ್ತಿರಲಿಲ್ಲ. ಮೇಲಿನ ಮೈಯೆಲ್ಲ ಫಕ್ರುಸಾಬನ ಕೈಯಿಂದ ಬಂದ ಅಲ್ಯೂಮಿನಿಯಂ ತಗಡು.

ಎರಡು ವರ್ಷದ ಹಿಂದೆ ಮಾಸ್ತರರ ಕೈ ನಡುಗಲು ಶುರುವಾಯಿತು. ಹುಬ್ಬಳ್ಳಿಯ ಡಾಕ್ಟರು ಪಾರ್ಕಿನ್ಸನ್ ಎಂದರು, ಗುಳಿಗೆ ಬರೆದರು, ಇನ್ನೆರಡು ವರ್ಷದ ಮೇಲೆ ಗಾಡಿ ನಡೆಸುವುದು ಬೇಡ ಎಂದರು. ಹಾಳು ರೋಗದ ರೀತಿಯೇ ಬೇರೆ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದರೆ ನಡುಕ ಮಾಯವಾಗುತ್ತಿತ್ತು. ಪೆನ್ನಿನ ಮುಚ್ಚಳ ತೆಗೆಯಲು ಹೋದರೆ ಹತ್ತೂ ಬೆರಳು ದಾರಿ ತಪ್ಪುತ್ತಿದ್ದವು. ಸ್ಪಾನರು ಹಿಡಿಯುವ ಕೆಲಸವನ್ನೆಲ್ಲ ಫಕ್ರುಸಾಬ ಸದ್ದಿಲ್ಲದೆ ತನ್ನ ಮೇಲೆ ಎಳೆದುಕೊಂಡ. ಈ ಚಳಿಗಾಲ ದಾಟಿದರೆ ನಾಲ್ಕು ತಾಲೂಕಿನ ಮಾತು ಮುಗಿದಂತೆಯೇ ಎಂದು ಇಬ್ಬರಿಗೂ ಗೊತ್ತಿತ್ತು.

ಗಾಡಿ ಓಡುತ್ತಿತ್ತು, ಆದರೆ ಬಂಕಾಪುರ ಮುಟ್ಟುವುದರೊಳಗೆ ಕಾದು ಬಿಸಿಯಾಗುತ್ತಿತ್ತು. ಬೆನ್ನ ಹಿಂದೆ ಕೂತ ಎಂಜಿನ್ನಿಗೆ ಗಾಳಿ ಸಿಗುತ್ತಿರಲಿಲ್ಲ. ಮಾಸ್ತರರು ಪುಸ್ತಕ ತೆಗೆದು ವಿವರಿಸಿದರು: ಓಡುವ ಗಾಡಿಗೆ ಎದುರಾಗುವ ಗಾಳಿಯನ್ನು ಎರಡೂ ಮಗ್ಗುಲಲ್ಲಿ ಬಾಯಿ ತೆರೆದು ಹಿಡಿಯಬೇಕು, ವೇಗ ಹೆಚ್ಚಿದಷ್ಟೂ ಅದು ತಾನಾಗಿ ಒತ್ತಿಕೊಂಡು ಒಳಗೆ ನುಗ್ಗಬೇಕು. ಪುಸ್ತಕದಲ್ಲಿ ಅದಕ್ಕೆ ರ‍್ಯಾಮ್ ಏರ್ ಎಂದು ಹೆಸರಿತ್ತು. ಕೊಟ್ಟಿಗೆಯಲ್ಲಿ ಅದು ಗಾಳಿಬಾಯಿ ಆಯಿತು.

ಮೊದಲನೆಯ ಜೋಡಿಯನ್ನು ಫಕ್ರುಸಾಬ ಗಾಡಿಯ ಮೈಗೆ ಸಮನಾಗಿ ಕೂರಿಸಿದ. ನೋಡಲು ಚೆಂದ, ಕೆಲಸಕ್ಕೆ ಸೊನ್ನೆ. ಆಗ ಮಾಸ್ತರರು ಹೆಂಡತಿ ವೃಂದಾಬಾಯಿಯ ಬುಟ್ಟಿಯಿಂದ ಉಲ್ಲನ್ ದಾರ ಕದ್ದು ತಂದು, ಗೇಣುದ್ದ ತುಂಡು ಮಾಡಿಸಿ, ಬಾಯಿಗಳ ಸುತ್ತ ಅಂಟಿಸಿದರು. ಕೆಲವನ್ನು ತಂತಿಯ ತುದಿಗೆ ಕಟ್ಟಿ ಮೈಯಿಂದ ದೂರ ನಿಲ್ಲಿಸಿದರು. ಶಿಗ್ಗಾಂವ ರಸ್ತೆಯಲ್ಲಿ ಅವರು ಗಾಡಿ ಓಡಿಸಿದರೆ, ಫಕ್ರುಸಾಬ ಮೊಪೆಡ್ಡಿನ ಮೇಲೆ ಮಗ್ಗುಲಲ್ಲೇ ಹೋಗುತ್ತ ದಾರ ನೋಡಿದ. ಕೆಂಪು ದಾರ ಅಂಟಿಸಿಕೊಂಡು ಮದುವೆಗೆ ಹೊರಟಂತಿದ್ದ ಗಾಡಿಯನ್ನು ಕಂಡು ಎತ್ತಿನ ಬಂಡಿಯವರು ಬಂಡಿ ನಿಲ್ಲಿಸಿದರು. ಮೈಗೆ ಅಂಟಿದ ದಾರಗಳು ಸುಮ್ಮನೆ ಒದ್ದಾಡುತ್ತಿದ್ದವು. ತಂತಿಯ ತುದಿಯವು ಮಾತ್ರ ನೆಟ್ಟಗೆ ಹಿಂದಕ್ಕೆ ಚಾಚಿದ್ದವು.

ಪುಸ್ತಕದಲ್ಲಿ ಇದಕ್ಕೆ ನಾಲ್ಕು ಪುಟದ ವಿವರಣೆ ಇತ್ತಂತೆ. ಫಕ್ರುಸಾಬನಿಗೆ ಅದು ಬೇಕಾಗಲಿಲ್ಲ.

"ಗ್ವಾಡಿ ಮಗ್ಗಲ ನಿಂತು ರಾಶಿ ತೂರಿದ್ರ ಗಾಳಿ ಸಿಗತೈತೇನ್ರಿ ಮಾಸ್ತರ್ರ? ಗ್ವಾಡಿ ಬಿಟ್ಟು ನಿಂದ್ರಬೇಕು. ಬಾಯಿ ನಾಲ್ಕ ಬೆರಳ ಹೊರಗ ಬರಲಿ."

ಎರಡನೆಯ ಜೋಡಿಗೆ ಒಂದು ತಿಂಗಳು ಹಿಡಿಯಿತು. ಮರದ ಕೊರಡಿನ ಮೇಲೆ ತಗಡಿಟ್ಟು ಬಡಿದು, ಬೆಳಕಿಗೆ ಹಿಡಿದು, ಮತ್ತೆ ಬಡಿದ. ಮಾಸ್ತರರು ಅದರ ಅಂಚಿನ ಮೇಲೆ ನಡುಗುವ ಕೈ ಆಡಿಸಿ, "ಹನ್ನೊಂದು ವರ್ಷದಾಗ ಗಾಡಿಗೆ ಇಂಥಾದ್ದು ಇನ್ನೊಂದು ಬಂದಿಲ್ಲ ನೋಡು," ಎಂದರು. ಅರವತ್ತು ದಾಟಿದ ಫಕ್ರುಸಾಬನ ಕಿವಿ ಕೆಂಪಾಯಿತು. ಡಬ್ಬಿ ಒಯ್ದವರು ಸೋರುತ್ತದೆ ಎಂದು ಹೇಳಲು ಬರುತ್ತಿದ್ದರು, ಸೋರುವುದಿಲ್ಲ ಎಂದು ಹೇಳಲು ಯಾರೂ ಬಂದಿರಲಿಲ್ಲ.

ಒಂದು ಮಾತು ಉಳಿಯಿತು, ತಂತಿಯ ಜಾಳಿಗೆ. ರಾಶಿ ಮಷೀನಿನ ಗಾಳಿ ಎಳೆಯುವ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕದೆ ಅವನ ಅಂಗಡಿಯಿಂದ ಒಂದು ಸಾಮಾನೂ ಹೊರಬಿದ್ದಿರಲಿಲ್ಲ. ಹೊಟ್ಟು ಒಳಗೆ ಹೋದರೆ ಏನಾಗುತ್ತದೆಂದು ನಲವತ್ತು ವರ್ಷದಿಂದ ಬಲ್ಲವನು. ರೂಢಿಯಂತೆ ಗಾಳಿಬಾಯಿಗಳಿಗೂ ಜಾಳಿಗೆ ಕತ್ತರಿಸಿ, ಒಂದೊಂದಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ. ಆದರೆ ಜಾಳಿಗೆ ಗಾಳಿಯನ್ನೂ ಅಷ್ಟಿಷ್ಟು ತಡೆಯುತ್ತದೆ. ಅದಿಲ್ಲದಾಗ ನಡುವೆ ನಿಲ್ಲುತ್ತಿದ್ದ, ಎಂಜಿನ್ನಿನ ಉಷ್ಣ ತೋರಿಸುವ ಮುಳ್ಳು, ಅದಿದ್ದಾಗ ಏರು ಹತ್ತುವಲ್ಲಿ ಕೆಂಪು ಗೆರೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು.

"ಇರಲಿ ಬಿಡು," ಎಂದರು ಮಾಸ್ತರರು. "ಏರು ಬಂದಾಗ ನಿಧಾನ ಹೋದರಾತು. ಜಾಳಿಗಿ ಇರಬೇಕು."

ಮಾಸ್ತರರಿಗೆ ಅದು ಸಾಕಾಯಿತು. ಫಕ್ರುಸಾಬನಿಗೆ ಸಾಕಾಗಲಿಲ್ಲ. ತನ್ನ ಕೈಯ ಅಂಥ ಬಾಯಿಗಳಿದ್ದೂ ಮುಳ್ಳು ಕೆಂಪಿನ ಹತ್ತಿರ ಹೋಗುವುದು ಅವನ ಮನಸ್ಸನ್ನು ಕೊರೆಯುತ್ತಲೇ ಇತ್ತು.

ಜನವರಿಯ ಒಂದು ಗುರುವಾರ ಹೊರಡುವುದೆಂದಾಯಿತು. ಬೆಳಿಗ್ಗೆ ಫಕ್ರುಸಾಬ ಬಂದಾಗ ಮಾಸ್ತರರು ಇನ್ನೂ ಒಳಗೆ ಸಂಧ್ಯಾವಂದನೆಗೆ ಕೂತಿದ್ದರು. ಅವನು ಕೊಟ್ಟಿಗೆಗೆ ಹೋಗಿ ಗಾಡಿಯನ್ನು ಒಂದು ಸುತ್ತು ನೋಡಿದ, ಎರಡು ಸುತ್ತು ನೋಡಿದ, ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಎಂಟೂ ಸ್ಕ್ರೂ ಬಿಚ್ಚಿದ. ಸ್ಕ್ರೂಗಳಿಗೆ ತಾನೇ ಗ್ರೀಸು ಹಚ್ಚಿದ್ದ, ಎಂಟೂ ಎರಡೇ ಬೆರಳಲ್ಲಿ ತಿರುಗಿ ಬಂದವು. ಎರಡು ಜಾಳಿಗೆಗಳನ್ನೂ ಸ್ಕ್ರೂಗಳನ್ನೂ ಕೈಚೀಲಕ್ಕೆ ಹಾಕಿ ಮೊಪೆಡ್ಡಿಗೆ ತೂಗುಹಾಕಿದ. ತಿರುಗಿ ಬಂದ ಮೇಲೆ, ಮುಳ್ಳು ನಾಲ್ಕೂ ತಾಲೂಕಿನಲ್ಲಿ ಮಿಸುಕಲಿಲ್ಲವೆಂದು ಮಾಸ್ತರರು ಹೇಳಿದಾಗ, ಚೀಲದಿಂದ ಜಾಳಿಗೆ ತೆಗೆದು ತೋರಿಸಿ ನಗಬೇಕೆಂದು ಅವನ ಯೋಚನೆ. ಅರವತ್ತು ದಾಟಿದ ಮನುಷ್ಯನ ಹುಡುಗಾಟ, ಅಷ್ಟೇ.

ಮಾಸ್ತರರು ಇಸ್ತ್ರಿ ಮಾಡಿದ ಬಿಳಿಯ ಅಂಗಿ ಹಾಕಿಕೊಂಡು ಬಂದು ಕೂತರು. ಬೆಲ್ಟನ್ನು ಫಕ್ರುಸಾಬ ಹಾಕಿ, ತಾನು ಪಕ್ಕದ ಸೀಟಿನಲ್ಲಿ ಕೂತ. ವೃಂದಾಬಾಯಿ ಗಾಡಿಯ ಮೂಗಿಗೆ ಕುಂಕುಮ ಹಚ್ಚಿದರು.

ಶಿಗ್ಗಾಂವದಲ್ಲಿ ಜನ ನಿಂತು ನೋಡಿದರು. ಹಾನಗಲ್ಲಿನಲ್ಲಿ ಚಹಾ ಕುಡಿದರು. ಗಾಡಿ ಗಿಡ್ಡವಾದ್ದರಿಂದ ಏಳುವುದು ಕಷ್ಟವೆಂದು ಮಾಸ್ತರರು ಇಳಿಯಲಿಲ್ಲ, ಫಕ್ರುಸಾಬ ಲೋಟ ಹಿಡಿದು ಕುಡಿಸಿದ. ಸ್ಟೀರಿಂಗಿನ ಮೇಲೆ ಅವರ ಕೈ ಕಲ್ಲಿನಂತೆ ನಿಂತಿತ್ತು. ಮುಳ್ಳು ನಡುವೆಯೇ ಇತ್ತು.

"ಸವಣೂರು ಹಿಡದು ಮೂರಾತು," ಎಂದರು ಮಾಸ್ತರರು. "ಫಕ್ರು, ಮುಳ್ಳು ನೋಡು, ಏರಿನ್ಯಾಗೂ ಅಲ್ಲೇ ಅದ. ಏನ್ ಮಾಡಿದಿ ನೀ?"

"ಏನಿಲ್ಲರಿ. ಚಳಿ ಐತಲ್ರಿ," ಎಂದ ಫಕ್ರುಸಾಬ. ಅವನ ಹೊಟ್ಟೆಯಲ್ಲಿ ನಗು ಕುಣಿಯುತ್ತಿತ್ತು.

ಅಕ್ಕಿಆಲೂರು ದಾಟಿ ಚಿಕ್ಕೇರೂರಿನ ದಾರಿ ಹಿಡಿದ ಮೇಲೆ ರಸ್ತೆಯ ಮೇಲೆ ಹುರುಳಿ ಸಿಕ್ಕಿತು. ಈ ಸೀಮೆಯಲ್ಲಿ ಅದು ಪ್ರತಿ ವರ್ಷದ ರೂಢಿ. ಕಿತ್ತ ಹುರುಳಿಯನ್ನು ಬಳ್ಳಿಸಮೇತ ಡಾಂಬರಿನ ಮೇಲೆ ಹರವುತ್ತಾರೆ, ಹೋಗಿ ಬರುವ ಗಾಡಿಗಳ ಗಾಲಿಯೇ ಅದನ್ನು ಒಕ್ಕುತ್ತದೆ. ಮೇಲೆ ಹಾಯಿಸಿಕೊಂಡು ಹೋಗುವವನು ಒಳ್ಳೆಯವನು, ಬದಿಗೆ ಸರಿದು ಹೋಗುವವನು ಸೊಕ್ಕಿನವನು. ಮೊದಲ ಹರವಿನ ಪಕ್ಕದಲ್ಲಿ ನಿಂತಿದ್ದ ರೈತ ರುಮಾಲು ಬೀಸಿ, ಮೇಲೆ ಹಾಯಿಸ್ರಿ ಎಂದು ಸನ್ನೆ ಮಾಡಿದ.

"ನಮ್ಮ ಗಾಲಿಗೂ ನಾಲ್ಕು ಕಾಳು ಉದುರಲಿ," ಎಂದರು ಮಾಸ್ತರರು, ಖುಷಿಯಿಂದ.

ಮುಂದೆ ಒಂದು ಲಾರಿ ಹೋಗುತ್ತಿತ್ತು. ಅದರ ಹಿಂದೆ ಅರೆದುಹೋದ ಬಳ್ಳಿ, ಸಿಪ್ಪೆ, ಹೊಟ್ಟು ಎದ್ದು ಮೊಳಕಾಲೆತ್ತರದಲ್ಲಿ ತೇಲುತ್ತಿತ್ತು. ಗಾಳಿಬಾಯಿಗಳೂ ಅಷ್ಟೇ ಎತ್ತರದಲ್ಲಿದ್ದವು. ಫಕ್ರುಸಾಬ ಅದನ್ನು ನೋಡಿದ. ನಿಲ್ಲಿಸಿರಿ ಎನ್ನಲು ಹೊರಟ. ಆದರೆ ಏಕೆ ಎಂದು ಕೇಳಿದರೆ ಜಾಳಿಗೆಯ ವಿಷಯ ಹೇಳಬೇಕಾಗುತ್ತಿತ್ತು, ಮಾಸ್ತರರ ಮುಖದ ಮೇಲಿನ ಆ ನಗು ಆರುತ್ತಿತ್ತು. ಮುಳ್ಳು ನಡುವೆಯೇ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಹುರುಳಿ ಮುಗಿದು ರಸ್ತೆ ಕಪ್ಪಗೆ ಕಂಡಿತು. ಏನೂ ಆಗಲಿಲ್ಲ. ಮನಸ್ಸಿನಲ್ಲೇ ಅಲ್ಲಾನನ್ನು ನೆನೆದ.

ಎರಡು ಕಿಲೋಮೀಟರಾದ ಮೇಲೆ ಹುರುಳಿ ಹುರಿದ ವಾಸನೆ ಬಂತು. ಯಾರ ಮನೆಯಲ್ಲೋ ಒಲೆಯ ಮೇಲೆ ಬಾಣಲೆ ಇಟ್ಟಿದ್ದಾರೆ ಎಂದುಕೊಳ್ಳುವಷ್ಟು ಹಿತವಾದ ವಾಸನೆ. ಆಚೀಚೆ ಮನೆಗಳೇ ಇರಲಿಲ್ಲ. ಫಕ್ರುಸಾಬ ತಿರುಗಿ ನೋಡುವ ಮೊದಲೇ ಬೆನ್ನಿಗೆ ಬಿಸಿ ತಾಗಿತು. ಕಾದ ಎಂಜಿನ್ನಿನ ಸಂದಿಗಳಲ್ಲಿ ತುಂಬಿದ್ದ ಹೊಟ್ಟು ಹೊತ್ತಿಕೊಂಡಿತ್ತು.

ಮಾಸ್ತರರು ಗಾಬರಿಯಾಗಲಿಲ್ಲ. ಹುಡುಗರಿಗೆ ಕಲಿಸಿದ ಹಾಗೆಯೇ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ಎಂಜಿನ್ನು ಆರಿಸಿದರು. ಸ್ಟೀರಿಂಗ್ ಬಿಟ್ಟ ಕೂಡಲೇ ಕೈ ನಡುಗಿತು. ಬೆಲ್ಟಿನ ಗುಂಡಿ ಒತ್ತಬೇಕಿತ್ತು. ಬೆರಳು ಗುಂಡಿಯ ಮೇಲೆ ಬಂತು, ಜಾರಿತು, ಮತ್ತೆ ಬಂತು, ಮತ್ತೆ ಜಾರಿತು. ಅವರು ಫಕ್ರುಸಾಬನ ಕಡೆ ನೋಡಿದರು. ಆ ನೋಟವನ್ನು ಅವನು ಸಾಯುವತನಕ ಮರೆಯಲಾರ. ಬಗ್ಗಿ ಗುಂಡಿ ಒತ್ತಿ, ಅವರ ಬಗಲಿಗೆ ಕೈ ಹಾಕಿ ತನ್ನ ಬಾಗಿಲಿನಿಂದಲೇ ಹೊರಗೆಳೆದ. ಸೀಟಿನ ಹಿಂದಿನ ಉರಿ ಅವನ ಎಡ ಮುಂಗೈಯನ್ನು ಮೊಣಕೈತನಕ ಸವರಿತು.

ಹೊಲದವರು ಕೊಡ ಹಿಡಿದು ಓಡಿಬಂದರು. ಉಪಯೋಗವಾಗಲಿಲ್ಲ. ಹನ್ನೊಂದು ವರ್ಷದ ಗಾಡಿಗೆ ಕಾಲು ತಾಸು ಸಾಕಾಯಿತು. ಅಲ್ಯೂಮಿನಿಯಂ ಕರಗಿ ರಸ್ತೆಯ ಬದಿಯ ಮಣ್ಣಿನಲ್ಲಿ ಬೆಳ್ಳಗೆ ಹರಿಯಿತು. ಗಾಳಿಬಾಯಿಗಳು ಕಡೆಗೆ ಕರಗಿದವು. ಅವುಗಳ ತಗಡು ದಪ್ಪ. ರುಮಾಲು ಬೀಸಿದ್ದ ರೈತ, ಪರಮೇಶಪ್ಪ ಎಂದು ಅವನ ಹೆಸರು, ಸೈಕಲ್ಲಿನ ಮೇಲೆ ಬಂದು ಕೈಮುಗಿದು ನಿಂತ.

"ನನ್ನ ಹುರಳಿಯಿಂದ ಆತೇನ್ರಿ ಯಪ್ಪಾ?"

"ನಿಂದೇನಿಲ್ಲಪ್ಪಾ," ಎಂದರು ಮಾಸ್ತರರು. ಬಿಳಿಯ ಅಂಗಿಗೆ ಒಂದು ಕಲೆಯೂ ಆಗಿರಲಿಲ್ಲ. ಹಿರೇಕೆರೂರಿನ ಬಸ್ಸೊಂದು ಬಂದು ನಿಂತು, ಜನ ಕಿಟಕಿಯಿಂದ ನೋಡಿದ ಮೇಲೆ ಹೊರಟುಹೋಯಿತು.

ಮೂರನೆಯ ದಿನ ವೇದವ್ಯಾಸ ಧಾರವಾಡದಿಂದ ಬಂದ. ಪಡಸಾಲೆಯಲ್ಲಿ ಮಾಸ್ತರರು ಜಮಖಾನೆಯ ಮೇಲೆ, ವೃಂದಾಬಾಯಿ ನಡುಮನೆಯ ಬಾಗಿಲಲ್ಲಿ, ಕೈಗೆ ಪಟ್ಟಿ ಕಟ್ಟಿಕೊಂಡ ಫಕ್ರುಸಾಬ ಕಟ್ಟೆಯ ಮೇಲೆ. ವಕೀಲ ಕೇಳುವ ರೀತಿಯಲ್ಲೇ ಕೇಳಿದ.

"ಅಷ್ಟು ಹೊಟ್ಟು ಒಳಗ ಹೆಂಗ ಹೋತು? ಆ ಬಾಯಿಗೆ ಜಾಳಿಗಿ ಇರಲಿಲ್ಲೇನು? ಫಕ್ರುಸಾಬ, ರಾಶಿ ಮಷೀನ್ ಮಾಡಾವ್ರು ನೀವು, ನಿಮಗ ತಿಳೀಲಿಲ್ಲೇನ್ರಿ?"

ಫಕ್ರುಸಾಬ ಬಾಯಿ ತೆರೆದ. ಹೇಳಬೇಕೆಂದೇ ತೆರೆದಿದ್ದ, ಅದಂತೂ ನಿಜ.

"ಜಾಳಿಗಿ ಹಾಕಿದ್ದ ಅಂವ," ಎಂದರು ಮಾಸ್ತರರು. "ತಗದಾಂವ ನಾನು. ಗಾಡಿ ಕಾಯ್ತದಂತ ಹೇಳಿ ಅವತ್ತ ಮುಂಜಾನೆ ನಾನ ಬಿಚ್ಚಿದೆ. ಅವನಿಗೆ ಗೊತ್ತೂ ಇಲ್ಲ."

ವೇದವ್ಯಾಸ ಹಣೆ ಗಟ್ಟಿಸಿಕೊಂಡು, "ಅಣ್ಣಾ, ನಿನಗ ಏನ್ ಹೇಳಬೇಕು," ಎಂದ. ಅಲ್ಲಿಗೆ ಮಾತು ಮುಗಿಯಿತು. ತೆರೆದ ಬಾಯಿಯನ್ನು ಫಕ್ರುಸಾಬ ಮುಚ್ಚಿದ. ಏರಿನಲ್ಲೂ ಮಿಸುಕದ ಮುಳ್ಳು ಮಾಸ್ತರರಿಗೆ ಎಲ್ಲ ಹೇಳಿತ್ತೆಂದು ಅವನಿಗೆ ಆಗ ಅರಿವಾಯಿತು. ಕಟ್ಟೆಯಿಂದ ಇಳಿದು ಮನೆಗೆ ಬರುವವರೆಗೆ ಅವನಿಗೆ ದಾರಿ ಕಾಣಲಿಲ್ಲ. ತನ್ನ ಹೆಸರು ಉಳಿಯಿತು ಎಂದು ಒಂದು ಗಳಿಗೆ ಹಗುರೆನಿಸಿತ್ತು. ಆ ಒಂದು ಗಳಿಗೆಗಾಗಿ ಅವನು ತನ್ನನ್ನು ಎಂದೂ ಕ್ಷಮಿಸಲಿಲ್ಲ.

ಆಮೇಲೆ ಸುತ್ತಿಗೆ ಹಿಡಿದರೆ ಏಟು ತಪ್ಪುತ್ತಿತ್ತು. ಕೈಚೀಲ ಅಂಗಡಿಯ ಗೂಟದ ಮೇಲೆ ಹಾಗೆಯೇ ಇತ್ತು. ಊರವರು ಈಗ ಗಾಡಿಯ ವಿಷಯ ಕೇಳುತ್ತಿರಲಿಲ್ಲ. ಮಾಸ್ತರರು ತಾವೇ ಜಾಳಿಗೆ ತೆಗೆದು ಗಾಡಿ ಸುಟ್ಟುಕೊಂಡರಂತೆ, ಓದಿದವರ ಹಣೆಬರಹವೇ ಇಷ್ಟು ಎಂದು ಅವನ ಎದುರಿಗೇ ಮಾತಾಡಿಕೊಳ್ಳುತ್ತಿದ್ದರು. ಹೆಂಡತಿ ನಸೀರಾ ಮುಂಗೈಯ ಪಟ್ಟಿ ಬಿಚ್ಚಿ ಮುಲಾಮು ಹಚ್ಚುತ್ತ, "ನಿಮಗ ತುತ್ತು ಇಳೀವಲ್ದು. ಹೋಗಿ ಹೇಳಿ ಬರ್ರಿ," ಎಂದಳು. ಅವಳಿಗೆ ಅವನು ಏನೂ ಹೇಳಿರಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಚೀಲ ತೆಗೆದುಕೊಂಡು ಹೋದ. ವೃಂದಾಬಾಯಿ ಅಂಗಳದಲ್ಲಿ ತುಳಸಿಕಟ್ಟೆಯ ಬಳಿ ಬಟ್ಟೆ ಒಣಹಾಕುತ್ತಿದ್ದರು. ಅವನು ಮಾತು ಜೋಡಿಸಿಕೊಳ್ಳಲಾರದೆ ಚೀಲದ ಬಾಯಿ ಅಗಲಿಸಿ ತೋರಿಸಿದ. ಎರಡು ಜಾಳಿಗೆ, ಎಂಟು ಸ್ಕ್ರೂ.

"ಅಕ್ಕಾರ, ಇವನ್ನ ತಗದಾಂವ ನಾ ಅದೇನಿ. ಮಾಸ್ತರು ನನ್ನ ಸಲುವಾಗಿ ಸುಳ್ಳ ಹೇಳ್ಯಾರ. ಅವರ ಮುಂದ, ಅವರ ತಮ್ಮನ ಮುಂದ ಹೇಳಿ ಬಿಡ್ತೇನಿ."

ವೃಂದಾಬಾಯಿಗೆ ಆಶ್ಚರ್ಯವಾಗಲಿಲ್ಲ. ಕೈಯಲ್ಲಿದ್ದ ಗಂಡನ ಅಂಗಿಯನ್ನು ಕೊಡವಿ ತಂತಿಯ ಮೇಲೆ ಹಾಕಿದರು.

"ಗೊತ್ತದರಿ ನನಗ," ಎಂದರು. "ಐದು ತಿಂಗಳಾತು, ಈ ಅಂಗಿ ಗುಂಡಿ ನಾ ಹಾಕ್ಲಿಕ್ಕತ್ತೇನಿ. ಎಂಟು ಸ್ಕ್ರೂ ಅವರು ಬಿಚ್ಚಿದ್ರಂದ್ರ ನಾ ನಂಬತೇನೇನ್ರಿ?"

ಫಕ್ರುಸಾಬನ ಕಣ್ಣು ತುಂಬಿತು. ಇಷ್ಟು ದಿನ ಈಕೆ ತಿಳಿದೂ ಸುಮ್ಮನಿದ್ದರಲ್ಲ ಎಂಬ ನಾಚಿಕೆ, ಒಮ್ಮೆಯಾದರೂ ಬೈಯಬಾರದೇ ಎಂಬ ಆಸೆ.

"ಹಂಗಾರ ಈಗ ಒಳಗ ಹೋಗಿ ಹೇಳ್ತೇನ್ರಿ."

"ಬ್ಯಾಡ್ರಿ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೊದಲ ದಿನ ನಿಮ್ಮ ಸಲುವಾಗಿ ಹೇಳಿದ್ರು, ಖರೇ. ಈಗ ಬಂದವ್ರಿಗೆಲ್ಲ ಹೇಳ್ತಾರ. ಹೆಂಗ ಬಿಚ್ಚಿದೆ, ಯಾವ ಸ್ಕ್ರೂ ಮೊದಲು ಬಂತು, ಎಲ್ಲಾ ಹೇಳ್ತಾರ. ಹೇಳೂ ಮುಂದ ಮಾರಿ ನೋಡ್ಬೇಕು ನೀವು. ತಾಟಿನ್ಯಾಗಿನ ಅನ್ನ ತಾವು ತಿನ್ನಲಿಕ್ಕೆ ಬರೂದಿಲ್ಲರಿ ಅವರಿಗೆ ಈಗ. ತಮ್ಮ ಕೈಲೆ ಕಡೀಕ ಒಂದು ಕೆಲಸ ಮಾಡೇನಿ ಅಂತ ಅದೊಂದು ಉಳದದ. ಅದನ್ನ ಕಸಗೋಬ್ಯಾಡ್ರಿ."

ಒಳಗಿನಿಂದ ಮಾಸ್ತರರ ದನಿ ಬಂತು. "ಯಾರು? ಫಕ್ರುನೇನು? ಬಾ ಒಳಗ."

ಪಡಸಾಲೆಯಲ್ಲಿ ಅವರು ಗೋಡೆಗೆ ಒರಗಿ ಕೂತಿದ್ದರು. ತೊಡೆಯ ಮೇಲಿನ ಎರಡೂ ಕೈ ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. ಫಕ್ರುಸಾಬ ಎದುರಿಗೆ ಕೂತು ಚೀಲವನ್ನು ಮಗ್ಗುಲಿಗಿಟ್ಟುಕೊಂಡ. ಕೈ ಗಾಯ ಹೇಗಿದೆ ಎಂದು ಅವರು ಕೇಳಿದರು, ಆರುತ್ತ ಬಂತೆಂದು ಇವನು ಹೇಳಿದ.

"ನೀ ಭಾಳ ಗಟ್ಟಿ ಕೂರಿಸಿದ್ದಿ ಬಿಡು ಆ ಜಾಳಿಗಿ," ಎಂದರು ಮಾಸ್ತರರು. ಹೆಬ್ಬೆರಳು, ತೋರುಬೆರಳು ಸೇರಿಸಿ ಗಾಳಿಯಲ್ಲಿ ತಿರುಗಿಸಿ ತೋರಿಸಲು ಹೋದರು. ಬೆರಳುಗಳು ಒಂದನ್ನೊಂದು ಮುಟ್ಟಲಿಲ್ಲ. "ಎಡಗಡೆ ನಾಲ್ಕು ಸಲೀಸ ಬಂದ್ವು. ಬಲಗಡೆ ಕೆಳಗಿಂದೊಂದು ಮಾತ್ರ ಭಾಳ ಸತಾಯಿಸ್ತು. ಆದ್ರೂ ಬಿಡಲಿಲ್ಲ ನಾ."

"ಹೌದ್ರಿ ಮಾಸ್ತರ್ರ," ಎಂದ ಫಕ್ರುಸಾಬ. "ಅದನ್ನ ಜರಾ ಬಿಗಿ ಮಾಡಿದ್ದೆ ನಾ."

ಮಾಸ್ತರರು ತಲೆಯಾಡಿಸಿದರು. ಮುಖ ಗೆಲುವಾಯಿತು. ಆಮೇಲೆ ಏನನ್ನೋ ನೆನಪಿಸಿಕೊಳ್ಳಲು ಯತ್ನಿಸುವವರಂತೆ ಹುಬ್ಬು ಗಂಟಿಕ್ಕಿದರು.

"ಬಿಚ್ಚಿದ ಮ್ಯಾಲೆ ಎಲ್ಲಿಟ್ಟೆ ಅನ್ನೂದು ನೆನಪಾಗವಲ್ದು ನೋಡು. ಗಾಡಿಯೊಳಗನ ಇದ್ದು ಸುಟ್ಟು ಹೋಗಿರಬೇಕು."

"ಸುಟ್ಟು ಹೋಗಿರಬೇಕ್ರಿ," ಎಂದು ಹೇಳಿ ಫಕ್ರುಸಾಬ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ. ಒಳಗೆ ಸ್ಕ್ರೂಗಳು ಸದ್ದು ಮಾಡಿದವು. ಮಾಸ್ತರರು ಕಿಟಕಿಯ ಕಡೆ ನೋಡುತ್ತಿದ್ದರು.